ಕೋಟಿನ ಅಂಚು

ನೆಟ್ಟಗೆ ನಿಂತುಕೊಳ್ಳುವುದರಲ್ಲಿ ಓದುವುದಕ್ಕೆ ಏನಿದೆ ಎಂದು ಪುಟ್ಟಿಯನ್ನು ಕೇಳದವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದರು, ಬಾಡಿಗೆ ಮನೆಯ ಯಜಮಾನಿ ಕೇಳಿದ್ದಳು, ಔಷಧಿ ಅಂಗಡಿ ಇಟ್ಟುಕೊಂಡಿದ್ದ ಒಡಹುಟ್ಟಿದ ಅಣ್ಣನೂ ಕೇಳಿದ್ದ. ವರ್ಷ ತುಂಬುವುದರೊಳಗೆ ಎಲ್ಲ ಮಕ್ಕಳೂ ಕಲಿತುಬಿಡುವ ವಿದ್ಯೆ ಅದು. ಅದಕ್ಕೆ ಪಿಎಚ್.ಡಿ. ಬೇರೆ ಕೇಡು.

ಪುಟ್ಟಿಗೆ ಈ ಪ್ರಶ್ನೆ ಕೇಳಿ ಕೇಳಿ ಅಭ್ಯಾಸವಾಗಿತ್ತು. ಮನುಷ್ಯ ನಿಂತಿದ್ದಾನೆ ಅನ್ನುವುದು ನಮ್ಮ ಭ್ರಮೆ, ಅವನು ಸದಾ ಬೀಳುತ್ತಿರುತ್ತಾನೆ, ಬೀಳುವಷ್ಟರಲ್ಲಿ ತಡೆದುಕೊಳ್ಳುತ್ತಿರುತ್ತಾನೆ ಎಂದು ಅವಳು ವಿವರಿಸುತ್ತಿದ್ದಳು. ಕಣ್ಣು ಒಂದು ಸುದ್ದಿ ಕಳಿಸುತ್ತದೆ, ಒಳಕಿವಿ ಒಂದು, ಅಂಗಾಲು ಇನ್ನೊಂದು. ಮೂರೂ ಸುದ್ದಿ ತಾಳೆಯಾದರೆ ಮೈ ನೆಟ್ಟಗಿರುತ್ತದೆ. ವಯಸ್ಸಾದ ಹಾಗೆ ಒಂದು ಸುದ್ದಿ ತಡವಾಗುತ್ತದೆ, ಇನ್ನೊಂದು ಬರುವುದೇ ಇಲ್ಲ, ಮುದುಕರು ಬೀಳುತ್ತಾರೆ. ಯಾರು ಬೀಳುತ್ತಾರೆ ಎಂದು ಬೀಳುವ ಮೊದಲೇ ಹೇಳಲು ಬರುತ್ತದೆಯೇ? ಶರೀರಕ್ರಿಯಾ ಶಾಸ್ತ್ರದ ವಿಭಾಗದಲ್ಲಿ ಅವಳು ವರ್ಷಗಟ್ಟಲೆ ಕೂತು ಹುಡುಕುತ್ತಿದ್ದ ಉತ್ತರ ಅದು.

ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಮ್ಮ ಇಟ್ಟ ಹೆಸರು, ಅಮ್ಮನ ಹೊಲಿಗೆಯ ಹಾಗೆ, ಬಿಚ್ಚಿಕೊಳ್ಳುವಂಥದ್ದಲ್ಲ. ಅಮ್ಮ ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿದು ಇಬ್ಬರು ಮಕ್ಕಳನ್ನು ದಡ ಹತ್ತಿಸಿದವಳು. ಗಂಡ ಬೇಗ ಹೋದ. ಮಗ ಮದುವೆಯಾಗಿ ಬೇರೆ ಊರಿನಲ್ಲಿ ನೆಲೆಸಿದ. ಮಗಳು ಮದುವೆಯ ಮಾತು ಬಂದಾಗಲೆಲ್ಲ ಪ್ರಬಂಧದ ಮಾತು ತೆಗೆದು ತಪ್ಪಿಸಿಕೊಂಡಳು. ಕೊನೆಗೆ ತಾಯಿ ಮಗಳು ಇಬ್ಬರೇ ಎರಡು ಕೋಣೆಯ ಮನೆಯೊಂದರಲ್ಲಿ ಉಳಿದರು. "ನನ್ನ ಮಗಳು ನಿಂತಲ್ಲೇ ನಿಂತು ವರ್ಷಗಳಾಯ್ತು, ಅದಕ್ಕೇ ಡಾಕ್ಟರೇಟ್ ಕೊಡ್ತಾರಂತೆ" ಎಂದು ಅಮ್ಮ ಮನೆಯ ಯಜಮಾನಿಯ ಹತ್ತಿರ ಹೇಳಿ ನಗುತ್ತಿದ್ದಳು. ಆದರೆ ಲ್ಯಾಬಿಗೆ ಹಾಕಿಕೊಳ್ಳುವ ಬಿಳಿ ಕೋಟನ್ನು ಬೇರೆ ಯಾರ ಕೈಯಲ್ಲೂ ಹೊಲಿಸಲು ಬಿಡಲಿಲ್ಲ. ತಾನೇ ಬಟ್ಟೆ ಆರಿಸಿ, ತಾನೇ ಕತ್ತರಿಸಿ, ಎರಡು ಸುತ್ತು ದೊಗಳೆಯಾಗಿ ಹೊಲಿದುಕೊಟ್ಟಳು. ಈ ವಯಸ್ಸಿನಲ್ಲಿ ನಾನೇನು ಬೆಳೀತೀನಾ ಎಂದು ಪುಟ್ಟಿ ರೇಗಿದರೆ, ಓದೋರು ಬೆಳೀತಾನೇ ಇರ್ತಾರೆ ಎಂದು ಬಾಯಿ ಮುಚ್ಚಿಸಿದಳು. ಪುಟ್ಟಿ ಆ ಕೋಟಿನ ಗುಂಡಿ ಹಾಕುತ್ತಿರಲಿಲ್ಲ. ನಡೆದರೆ ಅದರ ಎರಡು ಮುಂದಂಚುಗಳು ಬಾಗಿಲ ಪರದೆಯ ಹಾಗೆ ಆಕಡೆ ಈಕಡೆ ಹಾರುತ್ತಿದ್ದವು. ಗುಂಡಿ ಹಾಕ್ಕೊಳ್ಳೇ ಎಂಬುದು ಅಮ್ಮನ ದಿನದ ಮಂತ್ರವಾಗಿತ್ತು.

ವಿಭಾಗದಲ್ಲಿ ಒಂದು ಚಿಕ್ಕ ಕೋಣೆ. ಅದರ ನಡುವೆ ನೆಲಕ್ಕೆ ಸಮನಾಗಿ ಕೂರಿಸಿದ ಒಂದು ಚೌಕದ ಹಲಗೆ. ಎಲ್ಲರೂ ಅದನ್ನು ಮಣೆ ಎಂದೇ ಕರೆಯುತ್ತಿದ್ದರು. ಮಣೆಯ ಮೇಲೆ ನಿಂತವರ ಭಾರ ಎತ್ತ ಸರಿದರೂ ಪರದೆಯ ಮೇಲೆ ಒಂದು ಗೆರೆ ಅತ್ತ ಸರಿಯುತ್ತದೆ. ಗಟ್ಟಿಯಾಗಿ ನಿಂತವರ ಗೆರೆ ಒಂದೇ ಕಡೆ ಸುತ್ತಿ ಸುತ್ತಿ ದಾರದ ಗಂಟಿನಷ್ಟಾಗುತ್ತದೆ. ತೂರಾಡುವವರದು ಬೆಕ್ಕು ಎಳೆದಾಡಿದ ಉಂಡೆಯ ಹಾಗೆ ಹರಡಿಕೊಳ್ಳುತ್ತದೆ. ಮೊದಲು ಕಣ್ಣು ತೆರೆದು ನಿಲ್ಲಬೇಕು, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ದಪ್ಪ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ. ಬಿದ್ದಾರು ಎಂದು ಹಿಂದೆ ಒಬ್ಬರು ಕೈ ಚಾಚಿ ನಿಂತಿರಬೇಕು, ಮುಟ್ಟಬಾರದು. ಮುಟ್ಟಿದರೆ ಆ ಗೆರೆ ಕಸದ ಬುಟ್ಟಿಗೆ. ಮೊದಲು ಸೊನ್ನೆ ಮಾಡಿ, ಆಮೇಲೆ ಮನುಷ್ಯನ್ನ ನಿಲ್ಲಿಸಿ ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದ ಗೈಡಿಗೆ ಸೊನ್ನೆ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು.

ಆ ಮೇಷ್ಟ್ರು ಹಾಕಿಕೊಟ್ಟ ಒಂದು ರೂಢಿಯೂ ಇತ್ತು. ಸಂಶೋಧನೆಗೆ ಸೇರಿದ ದಿನ ವಿದ್ಯಾರ್ಥಿ ತಾನೇ ಮಣೆಯ ಮೇಲೆ ನಿಲ್ಲಬೇಕು. ಪದವಿ ಬಂದ ದಿನ ಮತ್ತೊಮ್ಮೆ ನಿಲ್ಲಬೇಕು. ಎರಡು ಗೆರೆಗಳನ್ನೂ ಜೊತೆಯಾಗಿ ಹೊರಗಿನ ಗೋಡೆಗೆ ಅಂಟಿಸುತ್ತಿದ್ದರು. ಎಲ್ಲರ ಎರಡನೆಯ ಗೆರೆಯೂ ಮೊದಲನೆಯದಕ್ಕಿಂತ ಅಗಲ. ಪಿಎಚ್.ಡಿ. ಮಾಡಿದರೆ ಕಾಲ ಕೆಳಗಿನ ನೆಲ ಸಡಿಲವಾಗುತ್ತದೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಪುಟ್ಟಿಯ ಮೊದಲ ಗೆರೆ ಒಂದು ಸಣ್ಣ ಗಂಟು, ಅದರ ಪಕ್ಕದ ಜಾಗ ಖಾಲಿ.

ಪ್ರಬಂಧಕ್ಕೆ ವಯಸ್ಸಾದವರು ಬೇಕಾಗಿದ್ದರು, ಅದೂ ಒಮ್ಮೆಯೂ ಬೀಳದವರು. ಪುಟ್ಟಿ ಉದ್ಯಾನಗಳಲ್ಲಿ, ಗ್ರಂಥಾಲಯದ ಓದುಕೋಣೆಯಲ್ಲಿ, ನಿವೃತ್ತರ ಸಂಘದಲ್ಲಿ ಎಲ್ಲ ಕಡೆ ಅಲೆದು ಜನ ಕೂಡಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಮನೆಯಲ್ಲೇ ಇದ್ದ ಅಮ್ಮನನ್ನು ಕರೆಯಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಆ ಮಾತು ಹುಟ್ಟಿದ್ದು ಅಣ್ಣ ಬಂದಾಗ.

ಅಣ್ಣ ಎರಡು ದಿನ ಇದ್ದ. ಹೊರಡುವ ಬೆಳಿಗ್ಗೆ ಅಮ್ಮನನ್ನು ತನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದ. ಅಮ್ಮ ಹೊಸ್ತಿಲ ಹತ್ತಿರ ಎರಡು ಸಲ ಜೋಲಿ ಹೊಡೆದದ್ದನ್ನು ನೋಡಿದೆ, ನೀನು ಬೆಳಿಗ್ಗೆ ಹೋದರೆ ಸಂಜೆ ಬರುತ್ತೀಯ, ನನ್ನ ಮನೆಯಲ್ಲಿ ಹೆಂಡತಿ ಇಡೀ ದಿನ ಇರುತ್ತಾಳೆ ಎಂದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ಮಾತೇ ಹೆಚ್ಚು ಚುಚ್ಚುವುದು. ಅಮ್ಮ ಮುಖ ತಿರುಗಿಸಿಕೊಂಡು, ಅಲ್ಲಿ ನನ್ನ ಹೊಲಿಗೆ ಮಷೀನ್ ಇಡೋಕೆ ಜಾಗ ಎಲ್ಲಿದೆ ಎಂದಳು. ಮಷೀನು ಅವಳು ಮುಟ್ಟದೆ ಬಹಳ ಕಾಲವಾಗಿತ್ತು.

"ಮಷೀನ್ ಅಲ್ಲಮ್ಮ, ನಿನಗೆ ಇವಳನ್ನ ಬಿಟ್ಟಿರೋಕಾಗಲ್ಲ. ಹಾಗಂತ ನೇರವಾಗಿ ಹೇಳು" ಎಂದ ಅಣ್ಣ.

"ಇವಳನ್ನ ಬಿಟ್ರೆ ಇವಳು ಊಟ ಮಾಡೋದನ್ನೇ ಮರೀತಾಳೆ ಕಣೋ" ಎಂದಳು ಅಮ್ಮ.

ಅಮ್ಮ ಇಲ್ಲದ ಮನೆಯನ್ನು ಪುಟ್ಟಿ ಊಹಿಸಿಕೊಂಡಿರಲೇ ಇಲ್ಲ. ಆದರೆ ಹಾಗೆಂದು ಹೇಳದೆ, ಓದಿದವರ ಚಾಳಿಯಂತೆ, ಅವಳು ಶಾಸ್ತ್ರವನ್ನು ಅಡ್ಡ ತಂದಳು. ನೀನು ನೋಡಿದ್ದು, ನಾನು ನೋಡಿದ್ದು ಎರಡೂ ಬೇಡ, ಮಣೆ ಏನು ಹೇಳುತ್ತದೋ ಕೇಳೋಣ ಎಂದಳು. ಅಮ್ಮನ ಗೆರೆ ಹರಡಿದರೆ ಅವಳು ಅಣ್ಣನ ಮನೆಗೆ, ಗಂಟಿನಷ್ಟೇ ಇದ್ದರೆ ಇಲ್ಲಿಯೇ. ಅಣ್ಣ ಒಪ್ಪಿದ. ಅಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಮಾತ್ರ ಅವತ್ತಿನಿಂದ ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಗೋಡೆಯ ಪಕ್ಕ ಕಣ್ಣು ಮುಚ್ಚಿ ನಿಂತು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಪುಟ್ಟಿ ಅದನ್ನು ನೋಡಿ ನಕ್ಕಳು.

ಪರೀಕ್ಷೆಯ ದಿನ ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿ, ಮಣೆಯನ್ನು ಒಮ್ಮೆ ಕಾಲಿನಿಂದ ಮುಟ್ಟಿ ನೋಡಿ ಹತ್ತಿದಳು. ಬೇರೆ ದಿನಗಳಲ್ಲಿ ಹಿಂದೆ ನಿಲ್ಲುವವಳು ಪುಟ್ಟಿಯ ಕೈಕೆಳಗಿನ ಕಿರಿಯ ವಿದ್ಯಾರ್ಥಿನಿ, ಪರದೆ ನೋಡುವವಳು ಪುಟ್ಟಿ. ಅವತ್ತು ಮಾತ್ರ ನನ್ನಮ್ಮನ ಹಿಂದೆ ನಾನೇ ನಿಲ್ಲುತ್ತೇನೆ ಎಂದು ಪುಟ್ಟಿ ಜಾಗ ಬದಲಿಸಿದಳು. ಪರೀಕ್ಷೆಯಲ್ಲಿ ಅವಳು ಮಾಡಿದ ತಪ್ಪು ಅದೊಂದೇ, ಮಾಡಿದ್ದು ಪ್ರೀತಿಯಿಂದಲೇ. ಹಿಂದೆ ಹೋಗಿ, ಎರಡೂ ಕೈ ಚಾಚಿ, ನಿಯಮದಲ್ಲಿದ್ದ ಹಾಗೆ ಅಮ್ಮನ ತಲೆ, ಭುಜಗಳ ಮೇಲೆ ಕಣ್ಣು ನೆಟ್ಟು ನಿಂತಳು. ಕೋಟಿನ ಗುಂಡಿ ಎಂದಿನಂತೆ ಬಿಚ್ಚಿತ್ತು. ಅಮ್ಮ ಅವತ್ತು ಗುಂಡಿಯ ಮಾತು ಎತ್ತಲಿಲ್ಲ.

ಕಣ್ಣು ತೆರೆದಾಗ ಗೆರೆ ಚೆನ್ನಾಗಿತ್ತು. ಮುಚ್ಚಿದಾಗ ಇನ್ನೂ ಚೆನ್ನಾಗಿತ್ತು. ಸ್ಪಂಜಿನ ಮೇಲೆ ನಿಲ್ಲಿಸಿದರೆ ಕಿರಿಯಳು ಪರದೆಯಿಂದ ಮುಖ ತೆಗೆದು, ಅಜ್ಜಿ ನನಗಿಂತ ಗಟ್ಟಿ ಎಂದಳು. ಪುಟ್ಟಿಯ ಎದೆ ಉಬ್ಬಿತು. ಅಮ್ಮ ಮಣೆಯಿಂದ ಇಳಿದು ಪರದೆಯ ಮೇಲಿನ ಗಂಟನ್ನು ತಲೆ ವಾರೆ ಮಾಡಿ ನೋಡಿದಳು.

"ಹೊಲಿಗೆ ಕೊನೇಲಿ ಹಾಕೋ ಗಂಟು ಇದ್ದಂಗಿದೆ. ಬಿಚ್ಚಲ್ಲ ಅಲ್ವಾ?" ಎಂದಳು.

ಪುಟ್ಟಿ ಆ ಗೆರೆಯ ಚಿತ್ರವನ್ನು ಅಲ್ಲಿಂದಲೇ ಅಣ್ಣನಿಗೆ ಕಳಿಸಿದಳು. ಅಣ್ಣ ಫೋನು ಮಾಡಿ, ಗೆರೆ ಗಿರೆ ನನಗೆ ಗೊತ್ತಾಗಲ್ಲ, ಅಮ್ಮನ ನಡಿಗೆ ನನಗೆ ಗೊತ್ತು, ಇನ್ನೊಂದು ಸಲ ಯೋಚನೆ ಮಾಡು ಎಂದ. ಗೆದ್ದವರಿಗೆ ನಾಲಿಗೆ ಉದ್ದ. "ಮಾತ್ರೆ ಎಣಿಸಿ ಕೊಡೋದಲ್ಲ ಅಣ್ಣ ಇದು. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ" ಎಂದಳು ಪುಟ್ಟಿ. ಅಣ್ಣ ಫೋನು ಇಟ್ಟುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಣ್ಣ ಆಮೇಲೆ ಅಮ್ಮನ ಜೊತೆ ಮಾತ್ರ ಮಾತಾಡುತ್ತಿದ್ದ.

ಮನೆಯಲ್ಲಿ ಎಲ್ಲವೂ ಮೊದಲಿನಂತೆಯೇ ನಡೆಯಿತು. ಅಮ್ಮ ಅಡುಗೆ ಮಾಡಿದಳು, ಬಟ್ಟೆ ಮಡಿಸಿದಳು, ನೆಲ ಒರೆಸಿದಳು. ನಡುಕೋಣೆಯ ಮಧ್ಯೆ ಅವಳು ಬಟ್ಟೆ ಕತ್ತರಿಸುತ್ತಿದ್ದ ದೊಡ್ಡ ಮೇಜು ಇತ್ತು. ಅಡುಗೆಮನೆಯ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಮಷೀನಿಗೆ, ಮಷೀನಿನಿಂದ ಮಂಚಕ್ಕೆ ಅವಳ ಬೆರಳು ಸವರಿಕೊಂಡು ಹೋಗುತ್ತಿತ್ತು. ಎಲ್ಲೂ ಊರುತ್ತಿರಲಿಲ್ಲ, ಸುಮ್ಮನೆ ಮುಟ್ಟುತ್ತಿದ್ದಳು. ಪುಟ್ಟಿ ಅದನ್ನು ದಿನಾ ನೋಡುತ್ತಿದ್ದಳು. ಬಟ್ಟೆ ಸವರಿ ಸವರಿ ಬಂದ ಅಭ್ಯಾಸ ಅಂದುಕೊಂಡಳು. ದೀಪದ ಬುಡದಲ್ಲೇ ಕತ್ತಲು.

ಪ್ರಬಂಧ ಬರೆಯುವ ಕಾಲ ಬಂತು. ಹಾಳೆ, ಪುಸ್ತಕ, ನಕ್ಷೆಗಳನ್ನು ಹರಡಿಕೊಳ್ಳಲು ಪುಟ್ಟಿಗೆ ಜಾಗ ಸಾಲಲಿಲ್ಲ. ಮೇಜನ್ನು ಕಿಟಕಿಯ ಕೆಳಗೆ ಎಳೆದುಕೊಳ್ಳಲೇ ಎಂದು ಕೇಳಿದಳು. ಅಮ್ಮ ಒಂದು ಗಳಿಗೆ ಮೇಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. "ತಗೋ. ನಾನೀಗ ಏನು ಕತ್ತರಿಸ್ಬೇಕಾಗಿದೆ" ಎಂದಳು. ಪುಟ್ಟಿ ಮೇಜನ್ನು ಎಳೆದಳು. ಕೋಣೆಯ ನಡುವೆ ಅಗಲವಾದ ಬಯಲಾಯಿತು. ಮನೆ ಎಷ್ಟು ದೊಡ್ಡದಾಗಿ ಕಾಣುತ್ತೆ ನೋಡಮ್ಮ ಎಂದು ಅವಳು ಖುಷಿಪಟ್ಟಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಮರೆತ ಪುಸ್ತಕಕ್ಕೆಂದು ಪುಟ್ಟಿ ಮನೆಗೆ ಬಂದಳು. ಮೇಜು ಇದ್ದ ಜಾಗದಲ್ಲಿ ಅಮ್ಮ ಬಿದ್ದಿದ್ದಳು. ಪುಟ್ಟಿ ಬೆಳಿಗ್ಗೆ ಹೊರಟಾಗ ತೊಳೆಯಲೆಂದು ಅಮ್ಮ ಎತ್ತಿಕೊಂಡಿದ್ದ ತಟ್ಟೆ ಇನ್ನೂ ಪಕ್ಕದಲ್ಲೇ ಬೋರಲಾಗಿತ್ತು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅಮ್ಮನ ಮುಖ ಬೆವರಿ ಬಿಳಿಚಿಕೊಂಡಿತ್ತು, ಆದರೂ ಮಗಳ ಮುಖ ನೋಡಿ ಅವಳೇ ಸಮಾಧಾನ ಮಾಡಿದಳು.

"ಹೆದರ್ಬೇಡ. ನಿಲ್ಲೋ ಪರೀಕ್ಷೆ ಮುಗೀತು, ಮಲಗೋ ಪರೀಕ್ಷೆ ಶುರು ಮಾಡಿದೀನಿ."

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು ಎಂದರು. ಆಮೇಲೆ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು. ವಯಸ್ಸಾದವರಿಗೆ ಸೊಂಟ ಮುರಿದರೆ ಮುಂದೇನಾಗುತ್ತದೆ ಎಂಬುದನ್ನು ಪುಟ್ಟಿ ತನ್ನ ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದಳು. ಈ ಕೆಲಸ ಯಾಕೆ ಬೇಕು ಎಂದು ಓದುವವರಿಗೆ ಮನದಟ್ಟು ಮಾಡಲು ಬರೆದ ಮಾತು ಅದು. ಆಸ್ಪತ್ರೆಯ ಮಂಚದ ಪಕ್ಕ ಕೂತಾಗ ಆ ವಾಕ್ಯ ಅವಳ ತಲೆಯಿಂದ ಇಳಿಯಲೇ ಇಲ್ಲ.

ಒಂದು ಸಂಜೆ ಅವಳು ಲ್ಯಾಬಿನಿಂದ ಕೋಟು ತೆಗೆಯದೆ ಹಾಗೆಯೇ ಓಡಿ ಬಂದಿದ್ದಳು. ಅಮ್ಮನಿಗೆ ಆಗ ಉಸಿರು ಸಾಲದೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಪುಟ್ಟಿ ಹೊದಿಕೆ ಸರಿಮಾಡಲು ಬಾಗಿದಾಗ ಕೋಟಿನ ಮುಂದಂಚು ಅಮ್ಮನ ಕೈಗೆ ತಗುಲಿತು. ಅಮ್ಮ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಲಿಗೆಯನ್ನು ಸವರಿದಳು.

"ಅವತ್ತು ಇದನ್ನೇ ಹಿಡ್ಕೊಂಡಿದ್ದೆ ಕಣೇ."

"ಯಾವತ್ತಮ್ಮ?"

"ನಿನ್ನ ಮಣೆ ಮೇಲೆ. ಕಣ್ಣು ಮುಚ್ಚಿದ ತಕ್ಷಣ ಎಲ್ಲಾ ತಿರುಗೋಕೆ ಶುರುವಾಯ್ತು. ಬೆರಳಿಗೆ ನಿನ್ನ ಕೋಟು ಸಿಕ್ತು. ಹಿಡ್ಕೊಂಡೆ. ತಿರುಗೋದು ನಿಂತೋಯ್ತು." ಅಮ್ಮ ಉಸಿರು ಎಳೆದುಕೊಂಡು ನಕ್ಕಳು. "ಕಾಪಿ ಹೊಡೆದು ಪಾಸಾದೆ. ಮೇಷ್ಟ್ರಿಗೆ ಹೇಳ್ಬೇಡ."

ಬೆರಳ ತುದಿ ಏನನ್ನಾದರೂ ಸುಮ್ಮನೆ ಮುಟ್ಟಿದ್ದರೂ ಸಾಕು, ಭಾರ ಹಾಕದಿದ್ದರೂ ಸಾಕು, ತೂರಾಡುವ ಮೈ ನಿಲ್ಲುತ್ತದೆ ಎಂದು ಹಿಂದಿನವರು ಕಂಡುಕೊಂಡದ್ದು ಪುಟ್ಟಿಗೆ ಗೊತ್ತಿಲ್ಲದ ವಿಷಯವಲ್ಲ. ಎರಡನೆಯ ಅಧ್ಯಾಯದಲ್ಲಿ ಅದಕ್ಕೆ ಒಂದು ಇಡೀ ಪುಟವನ್ನೇ ಕೊಟ್ಟಿದ್ದಳು. ಬರೆದ ಕೈ ಅವಳದೇ. ಅಮ್ಮನ ಬೆರಳು ಮೇಜು ಸವರಿದ್ದನ್ನು ನೋಡಿದ ಕಣ್ಣೂ ಅವಳದೇ. ಮೇಜು ಎಳೆದದ್ದೂ ಅವಳೇ.

ಅಮ್ಮ ಆ ವಾರ ದಾಟಲಿಲ್ಲ. ಕೊನೆಯ ದಿನಗಳಲ್ಲಿ ಪುಟ್ಟಿ ಬೇಕೆಂದೇ ಕೋಟು ಹಾಕಿಕೊಂಡು ಬಂದು, ಅದರ ಅಂಚನ್ನು ಅಮ್ಮನ ಕೈಯಲ್ಲಿಟ್ಟು ಕೂರುತ್ತಿದ್ದಳು. ಬೆರಳು ಸಡಿಲವಾದ ಕ್ಷಣ ಅವಳಿಗೆ ಗೊತ್ತಾಗಲಿಲ್ಲ. ಹಿಡಿತವೇ ಅಷ್ಟು ಹಗುರಾಗಿತ್ತು.

ಎಲ್ಲ ಮುಗಿದ ಮೇಲೆ ಅಣ್ಣ ಮನೆಗೆ ಬಂದು ಕೂತ. ಮೇಜು ಕಿಟಕಿಯ ಕೆಳಗೇ ಇತ್ತು. ಅವನು ಬೈದಿದ್ದರೆ ಪುಟ್ಟಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಅವಳೇ ಕೋಟಿನ ವಿಷಯ ಮೊದಲಿನಿಂದ ಕೊನೆಯವರೆಗೆ ಹೇಳಿದಳು, ನೀನು ಹೇಳಿದ್ದೇ ಸರಿಯಾಗಿತ್ತು ಅಣ್ಣ ಎಂದಳು.

"ನನ್ನ ಮನೇಲೂ ಬೀಳ್ತಿದ್ಲೇನೋ ಪುಟ್ಟಿ. ಯಾರಿಗೆ ಗೊತ್ತು" ಎಂದ. ಅದನ್ನು ಅವನೇ ನಂಬಿಲ್ಲ ಎಂದು ಅವನ ದನಿಯೇ ಹೇಳುತ್ತಿತ್ತು. ತಂಗಿಗಾಗಿ ಆಡಿದ ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಸೊನ್ನೆ ಮೇಷ್ಟ್ರ ಮುಂದೆ ಪುಟ್ಟಿ ಅಮ್ಮನ ಮಾತನ್ನು ಮೀರಿದಳು. ಅಮ್ಮನ ಗೆರೆಯನ್ನು ಪ್ರಬಂಧದಿಂದ ತೆಗೆದುಹಾಕಬೇಕು ಸರ್, ಅದು ನಿಂತವರ ಗೆರೆಯಲ್ಲ ಎಂದಳು. ಮೇಷ್ಟ್ರು ಕಾರಣ ಕೇಳಿ, ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆಗಲಿ ಎಂದರು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಪುಟ ತಿರುವುತ್ತಾ ತಿರುವುತ್ತಾ ಸರಿಯಾಗಿ ಅಲ್ಲಿಗೇ ಬಂದು ನಿಂತರು. ಇಷ್ಟು ಜನರಲ್ಲಿ ಒಬ್ಬರನ್ನು ಮಾತ್ರ ಕೈಬಿಟ್ಟಿದ್ದೀರಿ, ಯಾಕೆ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಅಂಗಡಿ ಮುಚ್ಚಿ ಬಂದಿದ್ದ ಅಣ್ಣ ತಲೆ ಎತ್ತಿದ.

"ಅವರು ನನ್ನ ಕೋಟಿನ ಅಂಚು ಹಿಡ್ಕೊಂಡಿದ್ರು ಮೇಡಂ."

"ಹಿಂದೆ ನಿಂತಿದ್ದವರು ನೀವೇ ಅಲ್ಲವೇ? ನಿಮಗೆ ಗೊತ್ತಾಗಲಿಲ್ಲವೇ?"

"ಭಾರ ಏನೂ ಹಾಕಿರಲಿಲ್ಲ ಮೇಡಂ. ಅದಕ್ಕೇ ಗೊತ್ತಾಗಲಿಲ್ಲ" ಎಂದಳು ಪುಟ್ಟಿ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಪರೀಕ್ಷಕಿ ಸರಿಯಾದ ಕಾರಣ ಎಂದು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು.

ಪದವಿ ಸಿಕ್ಕಿತು. ಎಲ್ಲರೂ ಕೈಕುಲುಕಿದರು, ಯಾರೋ ಡಾಕ್ಟ್ರೇ ಎಂದು ಕರೆದರು. ಆಮೇಲೆ ರೂಢಿಯಂತೆ ಅವಳನ್ನು ಮಣೆಯ ಕೋಣೆಗೆ ಕರೆದೊಯ್ದರು. ಬೇಡ ಎನ್ನಲು ಅವಳಿಗೆ ಶಕ್ತಿ ಇರಲಿಲ್ಲ. ಕಿರಿಯ ವಿದ್ಯಾರ್ಥಿನಿ ಹಿಂದೆ ಕೈ ಚಾಚಿ ನಿಂತಳು. ಅವಳ ಕೋಟಿನ ಗುಂಡಿಗಳನ್ನೆಲ್ಲ ಕತ್ತಿನವರೆಗೂ ಹಾಕಿತ್ತು. ಕೋಟಿನ ವಿಷಯ ಗೊತ್ತಾದಂದಿನಿಂದ ಲ್ಯಾಬಿನಲ್ಲಿ ಹಿಂದೆ ನಿಲ್ಲುವವರಿಗೆ ಅದು ಹೊಸ ನಿಯಮವಾಗಿತ್ತು. ಮೇಷ್ಟ್ರು ತಾವೇ ಪರದೆಯ ಮುಂದೆ ಕೂತು ಸೊನ್ನೆ ಮಾಡಿದರು. ಅಣ್ಣ ಬಾಗಿಲಲ್ಲಿ ನಿಂತ.

ಪುಟ್ಟಿ ಕೋಟು ತೊಟ್ಟೇ ಮಣೆ ಹತ್ತಿ ಕಣ್ಣು ಮುಚ್ಚಿದಳು. ನೆಲ ಮೆಲ್ಲಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅಮ್ಮನಿಗೆ ಅವತ್ತು ಹೀಗೇ ಆಗಿರಬೇಕು ಅಂದುಕೊಂಡಳು. ಹಾಗೆ ಅಂದುಕೊಂಡದ್ದೇ ತಡ, ಹೊಟ್ಟೆಯೊಳಗಿನಿಂದ ಅಳು ಎದ್ದು ಬಂತು. ಕೆಳಗೆ ಬಿಟ್ಟಿದ್ದ ಬಲಗೈ ತಾನಾಗಿಯೇ ಹುಡುಕಾಡಿತು. ಬೆರಳಿಗೆ ಬಟ್ಟೆಯ ಅಂಚು ಸಿಕ್ಕಿತು. ಮಡಿಸಿ ಎರಡೆರಡು ಸಲ ಓಡಿಸಿದ ಅಮ್ಮನ ಹೊಲಿಗೆ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗೆರೆ ನಿಲ್ಲಲಿಲ್ಲ. ಅದು ಅವಳದೇ ಕೋಟು. ಅವಳು ಮುಂದೆ ವಾಲಿದರೆ ಅದೂ ಮುಂದೆ ಬರುತ್ತಿತ್ತು, ಹಿಂದೆ ವಾಲಿದರೆ ಅದೂ ಹಿಂದೆ ಹೋಗುತ್ತಿತ್ತು. ಇನ್ನೊಬ್ಬರು ತೊಟ್ಟುಕೊಂಡು ನಿಂತಿದ್ದರೆ ಮಾತ್ರ ಅಂಚಿನಿಂದ ಬೆರಳಿಗೆ ಸುದ್ದಿ ಬರುತ್ತದೆ. ಅವಳ ಬೆರಳಿಗೆ ಯಾವ ಸುದ್ದಿಯೂ ಬರಲಿಲ್ಲ.